ಬಡ ಕುಟುಂಬದ ಕೈಗೆ ನೇರವಾಗಿ ಹಣ ಬಂದರೆ ಮನೆಯೊಳಗೆ ಏನೇನು ಬದಲಾಗುತ್ತದೆ?

ನೇಗಿಲು

ನೇರ ನಗದು ನೆರವಿನ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ಆ ದುಡ್ಡನ್ನು ಅವರು ಏನು ಮಾಡಿದರು? ದವಸ ತಂದರೋ, ಕುಡಿದರೋ, ಮೊಬೈಲ್ ಕೊಂಡರೋ? ಖರ್ಚಿನ ಪಟ್ಟಿಯನ್ನೇ ನೋಡುತ್ತ ಕುಳಿತರೆ ಮುಖ್ಯವಾದದ್ದು ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಅನಿಸಿಕೆ. ಆ ದುಡ್ಡು ಬಂದಿದ್ದರಿಂದ ಆ ಮನೆಯವರಿಗೆ ಏನೇನು ಮಾಡುವುದು ತಪ್ಪಿತು ಎಂದು ಕೇಳಬೇಕು.

ಮಳೆಯನ್ನೇ ನಂಬಿದ ಒಂದು ತುಂಡು ಹೊಲ, ಗಂಡ, ಹೆಂಡತಿ, ಮೂರು ಮಕ್ಕಳು, ಒಬ್ಬ ಅಜ್ಜಿ, ಎರಡು ಆಡು. ಹಿಂದಿನ ಸುಗ್ಗಿಯ ಕಾಳು ಖಾಲಿಯಾಗಿದೆ, ಮುಂದಿನ ಬೆಳೆ ಕೈಗೆ ಬರಲು ಇನ್ನೂ ತಿಂಗಳುಗಳಿವೆ. ಬಿತ್ತನೆಯ ಹದ ಬರುವುದೂ ಇದೇ ಹೊತ್ತಿಗೆ. ಮನೆಯಲ್ಲಿ ಕಾಳಿಲ್ಲದ್ದರಿಂದ ಗಂಡ ಹೆಂಡತಿ ಇಬ್ಬರೂ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಮೊದಲೇ ಮುಂಗಡ ತೆಗೆದುಕೊಂಡಿದ್ದರೆ ಹೋಗದೆ ಗತಿಯಿಲ್ಲ. ದೊಡ್ಡ ಹಿಡುವಳಿದಾರನ ಹೊಲ ಹದದಲ್ಲಿ ಬಿತ್ತನೆಯಾಗುತ್ತದೆ, ಇವರದು ಹದ ಆರಿದ ಮೇಲೆ. ಇಳುವರಿ ಅಲ್ಲೇ ಬಿದ್ದುಹೋಯಿತು. ಬಂದ ಅಷ್ಟಿಷ್ಟನ್ನೂ ಸುಗ್ಗಿಯಲ್ಲೇ, ದರ ನೆಲ ಕಚ್ಚಿರುವಾಗಲೇ, ಸಾಲ ಕೊಟ್ಟವರ ಒತ್ತಾಯಕ್ಕೆ ಮಾರಬೇಕು. ಕೆಲವೇ ತಿಂಗಳ ನಂತರ ಅದೇ ಕಾಳನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕು. ನಡುವೆ ಯಾರಾದರೂ ಕಾಯಿಲೆ ಬಿದ್ದರೆ ಆಡು ಹೋಯಿತು, ಅದೂ ಕೊಳ್ಳುವವನು ಹೇಳಿದ ದರಕ್ಕೆ.

ಇದರಲ್ಲಿ ಸೋಮಾರಿತನ ಎಲ್ಲಿದೆ, ತಿಳಿಗೇಡಿತನ ಎಲ್ಲಿದೆ? ಪ್ರತಿ ಹೆಜ್ಜೆಯೂ ಆ ದಿನದ ಮಟ್ಟಿಗೆ ಸರಿಯಾದ ತೀರ್ಮಾನವೇ. ಕೈಯಲ್ಲಿ ನಗದಿಲ್ಲದ ಒಂದೇ ಕಾರಣಕ್ಕೆ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಬಿತ್ತನೆಗೆ ಮೊದಲು ಒಂದೆರಡು ತಿಂಗಳ ಊಟದ ದುಡ್ಡು ಬಂದಿದ್ದರೆ ಆ ಇಬ್ಬರೂ ತಮ್ಮ ಹೊಲದಲ್ಲೇ ಇರುತ್ತಿದ್ದರು.

ಇದು ಬರೀ ಊಹೆಯಲ್ಲ. ಮಧ್ಯಪ್ರದೇಶದಲ್ಲಿ 2011ರಲ್ಲಿ ಸೇವಾ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ 8 ಹಳ್ಳಿಗಳ ಎಲ್ಲ ನಿವಾಸಿಗಳಿಗೂ ಪ್ರತಿ ತಿಂಗಳು ನಗದು ಕೊಟ್ಟು ನೋಡಿತು. ವಯಸ್ಕರಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ. ಒಂದು ವರ್ಷದ ಬಳಿಕ ಅದು 300 ಮತ್ತು 150 ಆಯಿತು. ಷರತ್ತು ಏನೂ ಇರಲಿಲ್ಲ. ಅಲ್ಲಿ ಎದ್ದು ಕಂಡ ಬದಲಾವಣೆಗಳಲ್ಲಿ ಒಂದು ಇದೇ: ಜನ ಕೂಲಿಯಿಂದ ಸ್ವಂತ ಜಮೀನಿನ ಕೆಲಸದ ಕಡೆಗೆ ತಿರುಗಿದರು. ಅಷ್ಟು ಸಣ್ಣ ಮೊತ್ತಕ್ಕೆ ಅಷ್ಟು ಶಕ್ತಿ ಬಂದದ್ದು ಹೇಗೆ ಎಂಬುದನ್ನು ಇಲ್ಲಿ ಎಲ್ಲರೂ ಸೇರಿ ಚರ್ಚಿಸೋಣ. ವಿರೋಧವಿದ್ದವರು ಅಗತ್ಯವಾಗಿ ಬರೆಯಿರಿ.

ಪ್ರಶ್ನೆಗಾರ

ವಿರೋಧ ಎನ್ನುವುದಕ್ಕಿಂತ ಆತಂಕ ಎನ್ನುತ್ತೇನೆ. ನೀವು ವರ್ಣಿಸಿದ ಕುಟುಂಬ ಒಳ್ಳೆಯ ಕುಟುಂಬ. ಗಂಡ ಕುಡುಕನಾಗಿದ್ದರೆ? ಹಣ ಬರುತ್ತದೆ ಎಂದು ಗೊತ್ತಾದ ಮೇಲೆ ದುಡಿಯುವ ಮನಸ್ಸೇ ಹೋದರೆ? ಹಳ್ಳಿಯಲ್ಲಿ ಎಲ್ಲರ ಕೈಯಲ್ಲೂ ದುಡ್ಡು ಓಡಾಡತೊಡಗಿದರೆ ವ್ಯಾಪಾರಿ ಬೆಲೆ ಏರಿಸುವುದಿಲ್ಲವೇ? ಬೀಜ, ಗೊಬ್ಬರ, ಕಾಳು, ಪುಸ್ತಕ ಇವನ್ನೇ ಕೊಟ್ಟರೆ ಕನಿಷ್ಠ ಅದು ಆ ಕೆಲಸಕ್ಕೇ ಹೋಗುತ್ತದೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ಶಾಲೆಯಲ್ಲಿ ಶಿಕ್ಷಕರಿಲ್ಲ. ಅದನ್ನು ಸರಿಪಡಿಸುವ ಬದಲು ಕೈಗಿಷ್ಟು ದುಡ್ಡು ಕೊಟ್ಟು ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಬಹುದು. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆ.

ಲೆಕ್ಕಿಗ

ಕುಡಿತದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ ಹಲವು ಖಂಡಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಬಂದ ಮನೆಗಳಲ್ಲಿ ಮದ್ಯ ಮತ್ತು ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಿರಲಿಲ್ಲ; ಹಲವೆಡೆ ಕಡಿಮೆಯಾಗಿತ್ತು. ದುಡಿಮೆಯ ಬಗ್ಗೆ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 6 ದೇಶಗಳ 7 ಪ್ರಯೋಗಗಳ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿದರು. ನೆರವು ಪಡೆದವರು ಕೆಲಸ ಕಡಿಮೆ ಮಾಡಿದರು ಎನ್ನಲು ವ್ಯವಸ್ಥಿತವಾದ ಆಧಾರ ಸಿಗಲಿಲ್ಲ.

ಕಾರಣ ಕಷ್ಟದ್ದೇನೂ ಅಲ್ಲ. ಈ ಮೊತ್ತಗಳು ಕುಟುಂಬದ ಖರ್ಚಿನ ಒಂದು ಭಾಗವನ್ನಷ್ಟೇ ತುಂಬುತ್ತವೆ. ಅದನ್ನೇ ನಂಬಿ ಯಾರೂ ಮನೆಯಲ್ಲಿ ಕೂರಲಾಗದು. ಕೆಲಸಕ್ಕೆ ಹೋಗಲು ಬಸ್ಸಿನ ದುಡ್ಡು ಬೇಕು, ಹೊಲಕ್ಕೆ ಬೀಜ ಬೇಕು, ಹೊಲಿಗೆ ಕೆಲಸಕ್ಕೆ ಯಂತ್ರ ಬೇಕು. ಅದಿಲ್ಲದವರಿಗೆ ನಗದು ಕೆಲಸ ಮಾಡುವ ದಾರಿಯನ್ನೇ ತೆರೆಯುತ್ತದೆ. ಮೆಕ್ಸಿಕೊದ ಪ್ರೊಗ್ರೆಸಾ ಯೋಜನೆ 1997ರಲ್ಲಿ ಶುರುವಾದಾಗ ಅದು ಮಕ್ಕಳ ಶಾಲೆ, ಆರೋಗ್ಯಕ್ಕಾಗಿ ತಾಯಂದಿರಿಗೆ ಕೊಡುವ ಹಣವಾಗಿತ್ತು. ಹೂಡಿಕೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಬಂದ ಹಣದಲ್ಲಿ ಸುಮಾರು ಕಾಲು ಭಾಗವನ್ನು ಆ ಕುಟುಂಬಗಳು ಜಾನುವಾರು, ಜಮೀನು, ಸಣ್ಣ ವ್ಯಾಪಾರಕ್ಕೆ ತೊಡಗಿಸಿದ್ದವು ಎಂದು ಪಾಲ್ ಗರ್ಟ್ಲರ್ ತಂಡ ತೋರಿಸಿತು.

ಬೆಲೆ ಏರಿಕೆಯ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ಆಮೇಲೆ ಬರೆಯುತ್ತೇನೆ.

ತುಂಬೆಹೂ

ನಾನು ಅರ್ಜಿ ತುಂಬಿಸುವ, ಖಾತೆ ಮಾಡಿಸುವ ಕಡೆಯಿಂದ ಈ ವಿಷಯವನ್ನು ಬಲ್ಲವಳು. ನೀವೆಲ್ಲರೂ ಹಣ ಬಂದ ಮೇಲಿನ ಮಾತನ್ನು ಆಡುತ್ತಿದ್ದೀರಿ. ಬರುವುದೇ ಒಂದು ದೊಡ್ಡ ಕಥೆ.

ಖಾತೆಗೆ ಜಮೆಯಾಯಿತು ಎಂದರೆ ಕೈಗೆ ಸಿಕ್ಕಿತು ಎಂದಲ್ಲ. ದುಡಿದು ಸವೆದ ಅಜ್ಜಿಯ ಬೆರಳ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಒಂದು ಬೆರಳು, ಇನ್ನೊಂದು ಬೆರಳು, ಕೈ ತೊಳೆದು ಬಂದು ಮತ್ತೊಮ್ಮೆ. ಕೊನೆಗೆ ನಾಳೆ ಬನ್ನಿ ಎನ್ನುತ್ತಾರೆ. ಆ ನಾಳೆಗೆ ಜೊತೆಯಲ್ಲಿ ಬರುವ ಮಗ ಇನ್ನೊಂದು ದಿನದ ಕೂಲಿ ಬಿಡಬೇಕು. ದಾಖಲೆಯಲ್ಲಿ ಹೆಸರಿನ ಒಂದು ಅಕ್ಷರ ಬೇರೆಯಿದ್ದರೂ ಹಣ ನಡುದಾರಿಯಲ್ಲಿ ನಿಲ್ಲುತ್ತದೆ, ಎಲ್ಲಿ ನಿಂತಿದೆ ಎಂದು ಹೇಳುವವರು ಸಿಗುವುದಿಲ್ಲ. ಖಾತೆ ಇರುವುದು ಒಂದು ಕಡೆ, ಹಣ ಬಿದ್ದಿರುವುದು ಯಾವಾಗಲೋ ತೆರೆದು ಮರೆತ ಇನ್ನೊಂದು ಖಾತೆಗೆ. ಇಂಥದ್ದನ್ನು ಬಿಡಿಸುವುದರಲ್ಲೇ ನಮ್ಮ ಹೊತ್ತು ಕಳೆಯುತ್ತದೆ. ತೆಗೆದುಕೊಟ್ಟವನು ತನ್ನ ಪಾಲೆಂದು ಇಷ್ಟು ಹಿಡಿದುಕೊಂಡರೆ ಕೇಳುವ ಧೈರ್ಯ ಯಾರಿಗಿದೆ?

ಜಾರ್ಖಂಡ್‌ನಲ್ಲಿ ನಡೆದದ್ದನ್ನು ಇಲ್ಲಿ ನೆನಪಿಸಲೇಬೇಕು. ರಾಂಚಿ ಜಿಲ್ಲೆಯ ನಗ್ರಿ ಬ್ಲಾಕಿನಲ್ಲಿ 2017ರ ಅಕ್ಟೋಬರಿನಲ್ಲಿ ಅಗ್ಗದ ಪಡಿತರದ ಬದಲು ಸಬ್ಸಿಡಿಯ ಹಣವನ್ನು ಖಾತೆಗೆ ಹಾಕುವ ಪ್ರಯೋಗ ಶುರುವಾಯಿತು. ಜನ ಮೊದಲು ಬ್ಯಾಂಕಿಗೆ ಹೋಗಿ ಹಣ ಬಂದಿದೆಯೇ ನೋಡಬೇಕು, ತೆಗೆಯಬೇಕು, ಆಮೇಲೆ ಪಡಿತರ ಅಂಗಡಿಗೆ ಹೋಗಿ ಪೂರ್ತಿ ದರಕ್ಕೆ ಕೊಳ್ಳಬೇಕು. ಒಂದು ಕಡೆ ಮುಗಿಯುತ್ತಿದ್ದ ಕೆಲಸಕ್ಕೆ ಹಲವು ಓಡಾಟಗಳಾದವು. ಹಳ್ಳಿಗರು ರಾಂಚಿಯವರೆಗೆ ಮೆರವಣಿಗೆ ನಡೆಸಿ ಪ್ರತಿಭಟಿಸಿದರು. 2018ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನಗದನ್ನು ವಿರೋಧಿಸುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ. ಇರುವುದನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಹಣ ಕೊಡುವುದು ಬೇರೆ, ಇರುವುದರ ಜೊತೆಗೆ ಹಣ ಕೊಡುವುದು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತ ಹೋದರೆ ಚರ್ಚೆ ಗೋಜಲಾಗುತ್ತದೆ.

ಸರಿಯಾಗಿ ತಲುಪಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ನೈಜರ್ ದೇಶದಲ್ಲಿ 2009–10ರ ಬರಗಾಲದ ಹೊತ್ತಿಗೆ ಕೆಲವು ಹಳ್ಳಿಗಳ ಹೆಂಗಸರಿಗೆ ನಗದನ್ನು ಕೈಗೆ ಎಣಿಸಿ ಕೊಟ್ಟರು, ಕೆಲವು ಹಳ್ಳಿಗಳಲ್ಲಿ ಅದೇ ಮೊತ್ತವನ್ನು ಮೊಬೈಲ್ ಮೂಲಕ ಕಳಿಸಿದರು. ಮೊಬೈಲಿನಲ್ಲಿ ಪಡೆದವರ ಮನೆಗಳ ಊಟದಲ್ಲಿ ಬಗೆಬಗೆಯ ಪದಾರ್ಥಗಳು ಶೇಕಡಾ 9ರಿಂದ 16ರಷ್ಟು ಹೆಚ್ಚಾಗಿ ಕಂಡವು. ಮೊತ್ತ ಒಂದೇ ಆದರೂ ಸರದಿಯಲ್ಲಿ ನಿಲ್ಲುವ ಹೊತ್ತು ಉಳಿಯಿತು. ಹಣ ಬಂದದ್ದು ಹತ್ತು ಜನರ ಕಣ್ಣಿಗೆ ಬೀಳದ್ದರಿಂದ ಅದನ್ನು ಹೇಗೆ ಬಳಸಬೇಕು ಎಂಬ ತೀರ್ಮಾನವೂ ಹೆಂಗಸರ ಕೈಯಲ್ಲೇ ಹೆಚ್ಚು ಉಳಿಯಿತು.

ಬೆಳ್ಳಿಚುಕ್ಕಿ

ತುಂಬೆಹೂ ಅವರು ಕೊನೆಯಲ್ಲಿ ಹೇಳಿದ್ದನ್ನೇ ಹಿಡಿದು ಮುಂದುವರಿಸುತ್ತೇನೆ. ಹಣ ಯಾರ ಹೆಸರಿಗೆ ಬರುತ್ತದೆ ಎಂಬುದು ಸಣ್ಣ ವಿಷಯವಲ್ಲ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಳ್ಳುತ್ತಿದ್ದ ದಿನಗಳಲ್ಲಿ ವೃದ್ಧಾಪ್ಯ ವೇತನವನ್ನು ಕರಿಯ ಜನರಿಗೂ ಪೂರ್ಣವಾಗಿ ವಿಸ್ತರಿಸಿದರು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಆ ಮನೆಗಳ ಮಕ್ಕಳ ಎತ್ತರ, ತೂಕವನ್ನು ಪರಿಶೀಲಿಸಿದರು. ವೇತನ ಅಜ್ಜಿಗೆ ಬರುತ್ತಿದ್ದ ಮನೆಗಳಲ್ಲಿ ಹೆಣ್ಣುಮಕ್ಕಳ ಬೆಳವಣಿಗೆ ಸುಧಾರಿಸಿತ್ತು. ತಾತನಿಗೆ ಬರುತ್ತಿದ್ದ ಮನೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ವೇತನ ಮುದುಕರಿಗೆಂದು ಕೊಟ್ಟದ್ದು, ಬೆಳೆದವಳು ಮೊಮ್ಮಗಳು! ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತರಿಯ ಕೂಲಿಯನ್ನು ಗಂಡನ ಖಾತೆಯ ಬದಲು ಹೆಣ್ಣಿನ ಸ್ವಂತ ಖಾತೆಗೆ ಹಾಕಿ, ಖಾತೆ ಬಳಸುವ ತಿಳಿವಳಿಕೆಯನ್ನೂ ಕೊಟ್ಟಾಗ, ಹೆಂಗಸರು ಹೊರಗೆ ದುಡಿಯುವುದೇ ಹೆಚ್ಚಾಯಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಕೀನ್ಯಾದ ಫಲಿತಾಂಶ. ಅಲ್ಲಿನ ಸಿಯಾಯಾ ಪ್ರದೇಶದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತ್ತು. ಆ ಮನೆಗಳಲ್ಲಿ ಹುಟ್ಟಿದ ಮಕ್ಕಳ ಲೆಕ್ಕವನ್ನು ಸಂಶೋಧಕರು ಆಮೇಲೆ ಸಂಗ್ರಹಿಸಿ 2025ರಲ್ಲಿ ಪ್ರಕಟಿಸಿದರು. ಒಂದು ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಪ್ರಮಾಣ ಶೇಕಡಾ 48ರಷ್ಟು ಇಳಿದಿತ್ತು. ಯಾವ ಲಸಿಕೆಯನ್ನೂ, ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಕೊಟ್ಟದ್ದು ದುಡ್ಡು.

ಹೇಗೆ ಎಂದರೆ, ಹೆರಿಗೆಗೆ ಆಸ್ಪತ್ರೆಗೆ ಹೋಗಲು ಸಾಧ್ಯವಾಯಿತು. ಅದರ ಜೊತೆಗೆ ಬಸುರಿಯ ಕೊನೆಯ ತಿಂಗಳುಗಳಲ್ಲಿ ಮತ್ತು ಹೆತ್ತ ಮೇಲಿನ ಮೊದಲ ತಿಂಗಳುಗಳಲ್ಲಿ ಹೆಂಗಸರ ದುಡಿಮೆ ಸುಮಾರು ಅರ್ಧಕ್ಕೆ ಇಳಿಯಿತು. ಪ್ರಶ್ನೆಗಾರರೇ, ಹಣ ಬಂದರೆ ದುಡಿಯುವುದನ್ನು ಬಿಡುತ್ತಾರೆ ಎಂದಿರಿ. ಇಲ್ಲಿ ನಿಜವಾಗಿಯೂ ಬಿಟ್ಟರು. ತುಂಬು ಬಸುರಿ ನೀರು ಹೊರುವುದನ್ನು, ಹಸಿ ಬಾಣಂತಿ ಬಿಸಿಲಲ್ಲಿ ಕಳೆ ಕೀಳುವುದನ್ನು ಬಿಟ್ಟಳು. ಮಗು ಬದುಕಿತು. ಈ ವಿಶ್ರಾಂತಿಯನ್ನು ನಷ್ಟದ ಖಾತೆಗೆ ಬರೆಯುವ ಲೆಕ್ಕ ಯಾವುದೇ ಇರಲಿ, ಅದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆಗಾರ

ಬೆಳ್ಳಿಚುಕ್ಕಿ ಅವರೇ, ದುಡಿಮೆಯ ಬಗ್ಗೆ ನಾನು ಎತ್ತಿದ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಆದರೆ ನೀವು ಕೊಟ್ಟ ಉದಾಹರಣೆಯೇ ನನ್ನ ಎರಡನೆಯ ಆತಂಕವನ್ನು ಬಲಪಡಿಸುತ್ತದೆ. ಹೆರಿಗೆಗೆ ಹೋಗಲು ಆಸ್ಪತ್ರೆ ಇತ್ತು, ಆದ್ದರಿಂದ ಹೋದರು. ಆಸ್ಪತ್ರೆಯೇ ಇಲ್ಲದಿದ್ದರೆ ಆ ಡಾಲರುಗಳು ಏನು ಮಾಡುತ್ತಿದ್ದವು?

ಲೆಕ್ಕಿಗ

ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಅದೇ ಅಧ್ಯಯನದಲ್ಲಿ, ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಮನೆಗಳಲ್ಲಿ ಪರಿಣಾಮ ಹೆಚ್ಚು ದೊಡ್ಡದಾಗಿತ್ತು. ಅಂದರೆ ಹಣ ಮತ್ತು ಆಸ್ಪತ್ರೆ ಒಂದಕ್ಕೊಂದು ಬದಲಿಯಲ್ಲ. ಆಸ್ಪತ್ರೆ ಕಟ್ಟಿ, ಅಲ್ಲಿಗೆ ಹೋಗುವ ದುಡ್ಡಿಲ್ಲದ ಜನರನ್ನು ಹಾಗೆಯೇ ಬಿಟ್ಟರೆ ಕಟ್ಟಡ ಖಾಲಿ ಬೀಳುತ್ತದೆ. ದುಡ್ಡು ಕೊಟ್ಟು ಆಸ್ಪತ್ರೆ ಇಲ್ಲದಿದ್ದರೆ ದುಡ್ಡು ಬಾಡಿಗೆ ಗಾಡಿಗೂ ಖಾಸಗಿ ವೈದ್ಯರಿಗೂ ಹೋಗುತ್ತದೆ.

ಬೆಲೆಯ ವಿಷಯಕ್ಕೆ ಬರುತ್ತೇನೆ. ಸಿಯಾಯಾ ಪ್ರಯೋಗದ 653 ಹಳ್ಳಿಗಳಲ್ಲಿ ಬೆಲೆಗಳನ್ನೂ ಅಳೆದರು. ಅಷ್ಟೊಂದು ಹಣ ಹರಿದರೂ ಬೆಲೆ ಏರಿದ್ದು ಸರಾಸರಿ ಶೇಕಡಾ 0.1ರಷ್ಟು. ಒಂದು ಡಾಲರ್ ಕೊಟ್ಟರೆ ಸ್ಥಳೀಯ ಆರ್ಥಿಕತೆ ಸುಮಾರು ಎರಡೂವರೆ ಡಾಲರಿನಷ್ಟು ಹಿಗ್ಗಿತು, ಹಣ ಸಿಗದ ನೆರೆಯ ಕುಟುಂಬಗಳ ಖರ್ಚು ಮಾಡುವ ಶಕ್ತಿಯೂ ಏರಿತು. ಬಡಗಿಗೆ ಕೆಲಸ ಸಿಕ್ಕಿತು, ಗಿರಣಿಯವನಿಗೆ ಗಿರಾಕಿ ಹೆಚ್ಚಿದರು. ಮೊದಲೇ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಿದ್ದ ಕೈಗಳು ಮತ್ತು ಯಂತ್ರಗಳು ಅಲ್ಲಿದ್ದದ್ದರಿಂದ ಇದು ಸಾಧ್ಯವಾಯಿತು.

ಎಲ್ಲೆಡೆಯೂ ಹೀಗಾಗುತ್ತದೆ ಎಂದು ಮಾತ್ರ ಹೇಳಲಾರೆ. ಬಡ ಕುಟುಂಬಗಳಿಗೆ ನಗದು ಕೊಡುವ ಫಿಲಿಪೀನ್ಸಿನ ಪಂಟಾವಿಡ್ ಯೋಜನೆಯಲ್ಲಿ, ಹೊರಗಿನ ಮಾರುಕಟ್ಟೆಗೆ ದೂರವಾದ, ಬಹುಪಾಲು ಮನೆಗಳಿಗೆ ಹಣ ಬರುತ್ತಿದ್ದ ಹಳ್ಳಿಗಳಲ್ಲಿ ಮೊಟ್ಟೆಯಂಥ ಬೇಗ ಕೆಡುವ ಪೌಷ್ಟಿಕ ಪದಾರ್ಥಗಳ ಬೆಲೆ ಏರಿತು. ಪಟ್ಟಿಯಲ್ಲಿ ಹೆಸರಿಲ್ಲದ ಮನೆಗಳ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಹೆಚ್ಚಾಯಿತು. ರಸ್ತೆ ಇಲ್ಲದ, ಸರಕು ತಲುಪದ ಕಡೆ ನಗದಿನ ಜೊತೆಗೆ ಆಹಾರವನ್ನೂ ಕೊಡುವುದೇ ಸರಿ, ಮತ್ತು ಪಟ್ಟಿಯಿಂದ ಯಾರನ್ನೂ ಬಿಡದಿರುವುದು ಇನ್ನೂ ಸರಿ.

ಹುಲ್ಲುಮನೆ

ಓದುತ್ತಾ ಬಂದೆ, ಬರೆಯದೆ ಇರಲಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ವಿಧವಾ ವೇತನ ಬರುತ್ತಿತ್ತು. ಮೊತ್ತ ಕಡಿಮೆ. ಅದರಿಂದ ನಾವು ಬಡತನದಿಂದ ಹೊರಬಂದೆವು ಎಂದೇನೂ ಹೇಳುವುದಿಲ್ಲ.

ಆದರೆ ಒಂದು ಬದಲಾವಣೆಯನ್ನು ನಾನು ಮಗುವಾಗಿ ಕಂಡಿದ್ದೇನೆ. ಮೊದಲೆಲ್ಲ ಸಾಲ ಕೊಟ್ಟ ಮನೆಯಿಂದ ಕರೆ ಬಂದರೆ ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಹೊರಡುತ್ತಿದ್ದರು. ಕೂಲಿ ಎಷ್ಟು ಎಂದು ಕೇಳುತ್ತಿರಲಿಲ್ಲ. ವೇತನ ಪ್ರತಿ ತಿಂಗಳು ತಪ್ಪದೆ ಬರತೊಡಗಿದ ಮೇಲೆ ಒಮ್ಮೆ ಬಾಗಿಲಲ್ಲಿ ನಿಂತು, "ನಮ್ಮ ಹೊಲದ ಕಳೆ ಮುಗಿಸಿಕೊಂಡು ನಾಳಿದ್ದು ಬರುತ್ತೇನೆ, ಕೂಲಿ ಇಷ್ಟಾದರೆ ಮಾತ್ರ" ಎಂದರು. ಕರೆಯಲು ಬಂದವರು ಏನೋ ಗೊಣಗಿ ಹೋದರು. ಕೊನೆಗೆ ಅಮ್ಮ ಕೇಳಿದಷ್ಟೇ ಕೊಟ್ಟರು. ಅಮ್ಮನಿಗೆ ಅಂದು ಆ ಮಾತು ಹೇಳುವ ಶಕ್ತಿ ಬಂದದ್ದು ತಿಂಗಳ ಕೊನೆಯಲ್ಲಿ ಹಣ ಬರುತ್ತದೆ ಎಂಬ ಖಾತರಿಯಿಂದ. ಒಂದು ತಿಂಗಳು ಬಂದು ಎರಡು ತಿಂಗಳು ನಿಂತಿದ್ದರೆ ಅಮ್ಮ ಹಾಗೆ ಹೇಳುತ್ತಿರಲಿಲ್ಲ.

ನೇಗಿಲು

ಹುಲ್ಲುಮನೆಯವರೇ, ನಾನು ಮೊದಲ ಬರಹದಲ್ಲಿ ಉದ್ದಕ್ಕೂ ಹೇಳಲು ಹೊರಟಿದ್ದನ್ನು ನಿಮ್ಮ ಅಮ್ಮ ಒಂದೇ ವಾಕ್ಯದಲ್ಲಿ ಹೇಳಿದ್ದಾರೆ. ಒಬ್ಬರು ಬೇಡ ಎನ್ನುವ ಶಕ್ತಿ ಪಡೆದರೆ ಸುತ್ತಲಿನ ಕೂಲಿ ದರಕ್ಕೂ ಬಿಸಿ ತಟ್ಟುತ್ತದೆ. ನಗದು ನೆರವಿಗೆ ಹಳ್ಳಿಯ ದೊಡ್ಡವರಿಂದ ವಿರೋಧ ಬರುವುದು ಎಷ್ಟೋ ಸಲ ಈ ಕಾರಣಕ್ಕೇ.

ಈಗ ಇನ್ನೊಂದು ವಿಷಯ: ಒಟ್ಟಿಗೆ ಕೊಡಬೇಕೋ, ತಿಂಗಳು ತಿಂಗಳು ಕೊಡಬೇಕೋ? ಕೀನ್ಯಾದ ರಾರಿಯೆಡಾದಲ್ಲಿ ಯೊಹಾನ್ಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಹುಲ್ಲಿನ ಛಾವಣಿಯ ಮನೆಗಳನ್ನೇ ಆರಿಸಿಕೊಂಡು, ಚೀಟಿ ಎತ್ತಿದಂತೆ ಕೆಲವರಿಗೆ ಒಟ್ಟಿಗೆ, ಕೆಲವರಿಗೆ ಕಂತಿನಲ್ಲಿ ಕೊಟ್ಟರು. ತಿಂಗಳ ಕಂತು ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು. ಒಟ್ಟಿಗೆ ಪಡೆದವರು ತಗಡಿನ ಛಾವಣಿಯಂಥ ಬಾಳಿಕೆಯ ವಸ್ತುಗಳಿಗೆ ಹಾಕಿದರು.

ತಗಡಿನ ಛಾವಣಿ ಎಂದರೆ ಹೊರಗಿನವರಿಗೆ ಅಂದಚೆಂದದ ಖರ್ಚಿನಂತೆ ಕಾಣುತ್ತದೆ. ಹುಲ್ಲಿನ ಮಾಡಿನ ಕೆಳಗೆ ಇದ್ದವರನ್ನು ಕೇಳಬೇಕು. ಒಂದೆರಡು ಮಳೆಗಾಲಕ್ಕೆ ಹುಲ್ಲು ಕೊಳೆಯುತ್ತದೆ, ಮತ್ತೆ ಹೊದಿಸಬೇಕು. ಹುಲ್ಲಿಗೂ ಆಳಿಗೂ ದುಡ್ಡು ಬೇಕು, ಅದೂ ಮಳೆಗೆ ಮುಂಚೆ, ಬಿತ್ತನೆಯ ಖರ್ಚಿನ ಹೊತ್ತಿಗೇ. ಸೋರಿದರೆ ಮೂಲೆಯಲ್ಲಿಟ್ಟ ಬೀಜದ ಕಾಳಿಗೆ ಬೂಸ್ಟು, ಮಕ್ಕಳಿಗೆ ನೆಗಡಿ, ರಾತ್ರಿಯೆಲ್ಲ ಪಾತ್ರೆ ಸರಿಸುತ್ತಾ ಕೂತವಳಿಗೆ ಬೆಳಗ್ಗೆ ಕೂಲಿ. ಒಮ್ಮೆ ತಗಡು ಬಿದ್ದರೆ ವರ್ಷ ವರ್ಷದ ಈ ಖರ್ಚು ನಿಲ್ಲುತ್ತದೆ. ಅದು ಶುದ್ಧ ಹೂಡಿಕೆ. ತಿಂಗಳ ಸಣ್ಣ ಕಂತಿನಿಂದ ತಗಡು ಕೊಳ್ಳಲಾಗದು, ಏಕೆಂದರೆ ಮನೆಯಲ್ಲಿ ಕೂಡಿಟ್ಟ ದುಡ್ಡಿಗೆ ನೂರು ಜನರ ಕಣ್ಣು, ನೂರು ತುರ್ತು.

ಜನ ಇದಕ್ಕೂ ದಾರಿ ಹುಡುಕುತ್ತಾರೆ. ಕೀನ್ಯಾದಲ್ಲೇ 12 ವರ್ಷಗಳವರೆಗೆ ತಿಂಗಳಿಗೆ 22.50 ಡಾಲರ್ ಕೊಡುವ ಇನ್ನೊಂದು ದೊಡ್ಡ ಪ್ರಯೋಗ ನಡೆಯುತ್ತಿದೆ. ದೀರ್ಘಕಾಲ ಬರುತ್ತದೆ ಎಂಬ ಭರವಸೆ ಇದ್ದವರು ಚೀಟಿ ಗುಂಪುಗಳನ್ನು ಸೇರಿ, ತಿಂಗಳ ಕಂತನ್ನು ತಾವೇ ದೊಡ್ಡ ಮೊತ್ತವಾಗಿ ಮಾಡಿಕೊಂಡು ಸಣ್ಣ ವ್ಯಾಪಾರಕ್ಕೆ ಇಳಿದರು. 2 ವರ್ಷ ಮಾತ್ರ ಎಂದು ತಿಳಿದಿದ್ದವರಲ್ಲಿ ಅಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ. ಇಬ್ಬರ ಕೈಗೂ ಬರುತ್ತಿದ್ದ ತಿಂಗಳ ಮೊತ್ತ ಒಂದೇ. ಮುಂದೆ ಎಷ್ಟು ಕಾಲ ಬರುತ್ತದೆ ಎಂಬ ತಿಳಿವಳಿಕೆ ಬೇರೆ, ಅದರಿಂದಲೇ ಇಂದಿನ ತೀರ್ಮಾನವೂ ಬೇರೆಯಾಯಿತು.

ಕಪ್ಪುಹಲಗೆ

ಶಾಲೆಯ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ. ನಾನು ಷರತ್ತಿನ ಪರ ಇದ್ದೇನೆ. ಮಗುವನ್ನು ಶಾಲೆಗೆ ಕಳಿಸಿದರೆ ಹಣ ಎಂದಾಗ, ಕಳಿಸಬೇಕೋ ಬೇಡವೋ ಎಂದು ಹೊಯ್ದಾಡುವ ತಂದೆಯ ಮುಂದೆ ತಾಯಿಗೆ ಒಂದು ಗಟ್ಟಿ ವಾದ ಸಿಗುತ್ತದೆ. ಪ್ರೊಗ್ರೆಸಾದಲ್ಲಿ ಮೇಲಿನ ತರಗತಿಗಳಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚಿನ ಮೊತ್ತ ಇಟ್ಟಿದ್ದರು. ಹೆಣ್ಣುಮಕ್ಕಳು ಅಲ್ಲಿಯೇ ಶಾಲೆ ಬಿಡುತ್ತಿದ್ದರು. ಎಷ್ಟು ಯೋಚಿಸಿ ಮಾಡಿದ ಏರ್ಪಾಡು! ಷರತ್ತು ಇಲ್ಲದೆ ಇದು ಆಗುತ್ತಿತ್ತೇ?

ಬೆಳ್ಳಿಚುಕ್ಕಿ

ಕಪ್ಪುಹಲಗೆಯವರೇ, ನಿಮ್ಮ ಮಾತಿನಲ್ಲಿ ಸತ್ಯವಿದೆ. ಮಲಾವಿಯ ಝೊಂಬಾದಲ್ಲಿ ಹದಿಹರೆಯದ ಹುಡುಗಿಯರಿಗೆ ಎರಡೂ ಬಗೆಯಲ್ಲಿ ಕೊಟ್ಟು ನೋಡಿದರು. ಹಾಜರಾತಿಯ ಷರತ್ತು ಇದ್ದವರು ಶಾಲೆಯಲ್ಲಿ ಉಳಿದದ್ದೂ ಹೆಚ್ಚು, ಕಲಿತದ್ದೂ ಹೆಚ್ಚು. ಆದರೆ ಷರತ್ತಿಲ್ಲದೆ ಹಣ ಪಡೆದ ಗುಂಪಿನಲ್ಲಿ ಎಳೆಯ ವಯಸ್ಸಿನ ಮದುವೆ ಮತ್ತು ಬಸಿರು ಗಣನೀಯವಾಗಿ ಕಡಿಮೆಯಾದವು. ಇದಕ್ಕೆ ಮುಖ್ಯ ಕಾರಣ, ಹೇಗೂ ಶಾಲೆ ಬಿಟ್ಟೇಬಿಡುತ್ತಿದ್ದ ಹುಡುಗಿಯರು. ಷರತ್ತಿದ್ದ ಗುಂಪಿನಲ್ಲಿ ಅಂಥವಳು ಶಾಲೆ ಬಿಟ್ಟ ದಿನವೇ ಹಣ ನಿಂತಿತು. ಆಸರೆ ಅತ್ಯಂತ ಅಗತ್ಯವಿದ್ದವಳ ಕೈಯಿಂದಲೇ ಅದನ್ನು ಕಿತ್ತುಕೊಂಡಂತಾಯಿತು. ಷರತ್ತಿಲ್ಲದ ಗುಂಪಿನಲ್ಲಿ ಅವಳ ಬಳಿ ಹಣ ಉಳಿಯಿತು, ಮದುವೆಗೆ ಅವಸರ ಮಾಡಬೇಕಾಗಲಿಲ್ಲ.

ಶಾಲೆಗೆ ಪ್ರೋತ್ಸಾಹ ಬೇಕಾದರೆ ಹೆಚ್ಚುವರಿ ಮೊತ್ತವಾಗಿ ಕೊಡಲಿ. ಮೂಲ ಹಣಕ್ಕೆ ಕತ್ತರಿ ಹಾಕಬಾರದು. ದೂರದ ಗುಡಿಸಲಿನ ಮಗು, ಅಂಗವೈಕಲ್ಯವಿರುವ ಮಗು, ತಾಯಿ ಹಾಸಿಗೆ ಹಿಡಿದ ಮನೆಯ ಮಗು ಇವರೇ ಹಾಜರಾತಿಯಲ್ಲಿ ಹಿಂದೆ ಬೀಳುವವರು.

ಕಪ್ಪುಹಲಗೆ

ಹೆಚ್ಚುವರಿಯಾಗಿ ಕೊಡುವುದು ನನಗೆ ಒಪ್ಪಿಗೆ. ಆದರೆ ಹಾಜರಾತಿಯನ್ನು ಗಮನಿಸುವುದನ್ನು ಬಿಡಬೇಡಿ. ಹಣ ನಿಲ್ಲಿಸಲಿಕ್ಕಲ್ಲ, ಮಗು ಬರದಿದ್ದರೆ ಮನೆಗೆ ಹೋಗಿ ಕಾರಣ ಕೇಳಲು ಯಾರಾದರೂ ಇರಬೇಕು.

ಪ್ರಶ್ನೆಗಾರ

ನನ್ನ ಕೊನೆಯ ಪ್ರಶ್ನೆ. ನೆರವು ನಿಂತ ಮೇಲೆ ಏನಾಗುತ್ತದೆ? ಉತ್ತರ ಉಗಾಂಡಾದಲ್ಲಿ ಯುವಕ ಯುವತಿಯರಿಗೆ ತಲಾ ಸುಮಾರು 382 ಡಾಲರ್ ಕೊಟ್ಟ ಯೋಜನೆಯ ಬಗ್ಗೆ ಓದಿದ್ದೇನೆ. 4 ವರ್ಷಗಳ ನಂತರ ಅವರ ಗಳಿಕೆ ಉಳಿದವರಿಗಿಂತ ಶೇಕಡಾ 38 ಹೆಚ್ಚಿತ್ತು. 9 ವರ್ಷಗಳ ಹೊತ್ತಿಗೆ ಉಳಿದವರೂ ಅವರನ್ನು ಹಿಡಿದುಬಿಟ್ಟಿದ್ದರು. ಹಾಗಾದರೆ ಲಾಭ ಏನು?

ಲೆಕ್ಕಿಗ

ಲಾಭ ಏನೆಂದರೆ ಆ ನಡುವಿನ ವರ್ಷಗಳು. ಅವರು ಕೆಳಗೆ ಬೀಳಲಿಲ್ಲ, ಉಳಿದವರು ನಿಧಾನವಾಗಿ ಮೇಲೆ ಬಂದರು. ಐದಾರು ವರ್ಷ ಬೇಗ ಮೇಲೆ ಬರುವುದೆಂದರೆ ಆ ಅವಧಿಯಲ್ಲಿ ಬೆಳೆಯುವ ಮಗುವಿನ ಪಾಲಿಗೆ ಇಡೀ ಬಾಲ್ಯ. ಕೀನ್ಯಾದ ಶಿಶುಮರಣದ ಅಂಕಿಗಳಲ್ಲೂ ಹಣ ಬಂದ ಹೊತ್ತಿಗೆ ಹುಟ್ಟಿದ ಮಕ್ಕಳಿಗೇ ಹೆಚ್ಚು ಪ್ರಯೋಜನವಾಗಿತ್ತು, ಆಮೇಲೆ ಹುಟ್ಟಿದವರಲ್ಲಿ ಅದು ಕ್ರಮೇಣ ಕಡಿಮೆಯಾಯಿತು. ಬದುಕಿದ ಮಗು ಬದುಕಿತಲ್ಲ! ಮುಂದೆ ಹುಟ್ಟುವ ಮಕ್ಕಳಿಗೂ ಅದೇ ಬೇಕೆಂದರೆ ನೆರವನ್ನು ಮುಂದುವರಿಸಬೇಕು.

ಪ್ರಶ್ನೆಗಾರ

ಒಪ್ಪಿದೆ ಎನ್ನಲಾರೆ, ತಳ್ಳಿಹಾಕುವುದೂ ಇಲ್ಲ. ವೈದ್ಯರು, ಶಿಕ್ಷಕರ ಹುದ್ದೆ ತುಂಬದೆ ಇದನ್ನು ಮಾಡಿದರೆ ನಾನು ವಿರೋಧಿಸುತ್ತೇನೆ. ಇನ್ನು ಒಂದು ವ್ಯಾವಹಾರಿಕ ಮಾತು. ಪರಿಚಯದ ಒಂದು ಸಣ್ಣ ಗುಂಪು ಕೆಲವು ಬಡ ಕುಟುಂಬಗಳಿಗೆ ಒಂದು ವರ್ಷ ನೆರವಾಗಲು ಹಣ ಕೂಡಿಸಿದೆ. ಕಾಳು, ಬಟ್ಟೆ ಹಂಚುವುದೆಂದು ಇದೆ. ನಗದಾಗಿ ಕೊಡುವುದಾದರೆ ಹೇಗೆ ಕೊಡಬೇಕು?

ತುಂಬೆಹೂ

ಮೊದಲು ಹಣ ತೆಗೆಯುವ ಜಾಗ ಎಷ್ಟು ದೂರ ಎಂದು ಆ ಮನೆಯ ಹೆಂಗಸರ ಜೊತೆ ಒಮ್ಮೆ ನಡೆದು ನೋಡಲಿ. ಖಾತೆ ಚಾಲ್ತಿಯಲ್ಲಿದೆಯೇ, ಹೆಸರು ಹೊಂದುತ್ತದೆಯೇ ಎಂಬುದನ್ನು ಒಂದು ರೂಪಾಯಿ ಹಾಕಿ ಪರೀಕ್ಷಿಸಿ, ಅವರು ಅದನ್ನು ತೆಗೆದು ತೋರಿಸಿದ ಮೇಲೆ ಮೊದಲ ಕಂತು ಹಾಕಲಿ. ತೊಂದರೆಯಾದರೆ ಕರೆ ಮಾಡಲು ಒಬ್ಬರ ನಂಬರ್ ಕೊಡಲಿ, ಆ ಒಬ್ಬರು ಕರೆ ಎತ್ತುವವರಾಗಿರಲಿ. ಫೋಟೋ ತೆಗೆಯುವ ಸಮಾರಂಭ ದಯವಿಟ್ಟು ಬೇಡ.

ನೇಗಿಲು

ಒಂದು ವರ್ಷದ್ದೇ ಆದರೆ ಹನ್ನೆರಡು ಸಮ ಕಂತು ಬೇಡ. ಬಿತ್ತನೆಗೆ ಮೂರ್ನಾಲ್ಕು ವಾರ ಮೊದಲು ಒಂದು ದೊಡ್ಡ ಭಾಗ ಕೈಗೆ ಸೇರಲಿ, ಹಳೆಯ ಮುಂಗಡ ತೀರಿಸಿಕೊಂಡು ತಮ್ಮ ಹೊಲಕ್ಕೆ ಇಳಿಯಲು. ಉಳಿದದ್ದು ಕಾಳು ಖಾಲಿಯಾಗುವ ತಿಂಗಳುಗಳಲ್ಲಿ ನಿಗದಿತ ದಿನಾಂಕಕ್ಕೆ ಬರಲಿ. ಸುಗ್ಗಿಯ ತಿಂಗಳುಗಳಲ್ಲಿ ಕಡಿಮೆ ಸಾಕು. ಮನೆಯಲ್ಲಿ ಬಸುರಿ ಇದ್ದರೆ ಹೆರಿಗೆಯ ತಿಂಗಳಿಗೆ ಹೊಂದಿಸಿ. ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ರಸೀದಿ ಕೇಳುವುದು ಬೇಡ. ಎಲ್ಲ ದಿನಾಂಕಗಳನ್ನೂ ಮೊತ್ತಗಳನ್ನೂ ಒಂದು ಹಾಳೆಯಲ್ಲಿ ಬರೆದು ಮೊದಲ ದಿನವೇ ಕೊಡಿ, ಕೊನೆಯ ಕಂತು ಯಾವಾಗ ಎಂಬುದೂ ಅದರಲ್ಲಿರಲಿ. ಬೇಕಾದರೆ ಆ ಹಾಳೆಯ ಮಾದರಿಯನ್ನು ನಾನೇ ತಯಾರಿಸಿ ಇಲ್ಲಿ ಹಾಕುತ್ತೇನೆ, ತುಂಬೆಹೂ ಅವರು ತಿದ್ದಿಕೊಡಲಿ.